ಶುಕ್ರವಾರದ ಇಸ್ತ್ರಿ

ನಮ್ಮ ಆಫೀಸಿನ ಸಾಹೇಬರಿಗೆ ಸುಕ್ಕು ಕಂಡರೆ ಆಗುವುದಿಲ್ಲ. ಅಂಗಿಯಲ್ಲಿ ಸುಕ್ಕಿರಬಾರದು, ಮೇಜಿನ ಮೇಲಿನ ಕಾಗದದಲ್ಲಿ ಸುಕ್ಕಿರಬಾರದು, ಕೊನೆಗೆ ನಾವು ಬರೆಯುವ ಕೋಡಿನ ಇತಿಹಾಸದಲ್ಲೂ ಸುಕ್ಕಿರಬಾರದು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಇಸ್ತ್ರಿ ಸಾಹೇಬರು ಅನ್ನುತ್ತೇವೆ. ಹೆಸರಿಟ್ಟವಳು ನಾನೇ. ಹೆಸರಿಡುವುದರಲ್ಲಿ ನನ್ನ ನಾಲಿಗೆ ಬಲು ಚುರುಕು. ಅದೇ ನಾಲಿಗೆ ಬೇಕಾದ ಹೊತ್ತಿಗೆ ಹೇಗೆ ಒಣಗಿ ಕೂತಿತು ಅನ್ನುವುದನ್ನು ಹೇಳಲು ಹೊರಟಿದ್ದೇನೆ.

ನಾವು ಮಾಡುವುದು ಬಸ್ ನಿಲ್ದಾಣದ ಬೋರ್ಡುಗಳಿಗೆ ಬೇಕಾದ ಸಾಫ್ಟ್‌ವೇರ್. ಯಾವ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ಅಕ್ಷರ ಓಡುತ್ತದಲ್ಲ, ಅದು. ಬಸ್ಸು ಆ ಹೊತ್ತಿಗೆ ಬರುವುದಿಲ್ಲ, ಅದು ಬೇರೆಯವರ ಇಲಾಖೆ. ನಾವು ಏಳು ಜನ ಬರೆಯುತ್ತೇವೆ, ತಪ್ಪುತ್ತೇವೆ, ತಿದ್ದುತ್ತೇವೆ, ತಿದ್ದಿದ್ದನ್ನು ಮತ್ತೆ ತಪ್ಪು ಮಾಡುತ್ತೇವೆ. ಸರ್ವರ್ ಅದೆಲ್ಲವನ್ನೂ ಹೆಸರು ಸಮೇತ ಬರೆದಿಡುತ್ತದೆ. ಸಾಹೇಬರ ಹೊಟ್ಟೆ ಉರಿಯುವುದು ಇಲ್ಲೇ.

"ಮೇಲಿನವರು ನೋಡ್ತಾರೆ ಕಣಮ್ಮ. 'ತಪ್ಪು ಸರಿಪಡಿಸಿದೆ', 'ಮತ್ತೆ ಸರಿಪಡಿಸಿದೆ', 'ದೇವರೇ ಈಗಲಾದ್ರೂ ಸರಿಯಾಗಲಿ' ಅಂತೆಲ್ಲ ಬರೆದಿದ್ರೆ ನಮ್ಮ ಬಗ್ಗೆ ಏನು ಅಂದುಕೊಳ್ತಾರೆ?" ಎನ್ನುತ್ತಾರೆ.

ಹಾಗಾಗಿ ಪ್ರತಿ ಶುಕ್ರವಾರ ಸಂಜೆ ಆ ವಾರದ ಎಲ್ಲರ ಬೆವರನ್ನೂ ಒಟ್ಟುಗೂಡಿಸಿ ಒಂದೇ ಸಾಲು ಮಾಡಿಬಿಡಬೇಕು: 'ವಾರದ ಸುಧಾರಣೆಗಳು'. ಸಾಹೇಬರು ಇದನ್ನು ಕ್ಲೀನಿಂಗ್ ಅನ್ನುತ್ತಾರೆ. ಅವರಿಗೆ ಮಾಡಲು ಬರುವುದಿಲ್ಲ. ಸರ್ವರಿನ ಕೀಲಿ, ಅಂದರೆ ಅದರ ಪಾಸ್‌ವರ್ಡು, ನನ್ನ ಕೈಯಲ್ಲಿರುವುದರಿಂದ ನಾಲ್ಕು ವರ್ಷದಿಂದ ಇಸ್ತ್ರಿಪೆಟ್ಟಿಗೆ ತಿಕ್ಕುತ್ತಿರುವವಳು ನಾನು.

ಇದರಲ್ಲೊಂದು ತೊಡಕಿದೆ. ಹೀಗೆ ತಿಕ್ಕಿದ್ದನ್ನು ಕಳಿಸಿದರೆ ಸರ್ವರ್ ತೆಗೆದುಕೊಳ್ಳುವುದಿಲ್ಲ. 'ನನ್ನ ಹತ್ತಿರ ಇರೋದಕ್ಕೂ ನೀನು ತಂದಿರೋದಕ್ಕೂ ತಾಳೆ ಆಗ್ತಿಲ್ಲ' ಎಂದು ಹಿಂದಕ್ಕೆ ತಳ್ಳುತ್ತದೆ. ಆಗ 'ಫೋರ್ಸ್' ಎಂದು ಸೇರಿಸಿ ಬಲವಂತವಾಗಿ ನುಗ್ಗಿಸಬೇಕು. ಸರ್ವರ್ ತಕರಾರು ಮಾಡುವುದು, ನಾನು ಬಲವಂತ ಮಾಡುವುದು, ಇಬ್ಬರಿಗೂ ರೂಢಿಯಾಗಿ ಹೋಗಿತ್ತು. ದಿನಾ ಅಳುವವರಿಗೆ ಕಣ್ಣೊರೆಸುವವರು ಯಾರು?

ಇನ್ನೊಂದು ವಿಷಯ ಹೇಳಿಬಿಡಬೇಕು. ಬ್ರಾಂಚ್ ಅಂದರೆ ಏನೋ ದೊಡ್ಡ ರೆಂಬೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಅದು ಬರೀ ಒಂದು ಚೀಟಿ. ಕೆಲಸದ ಕೊನೆಯ ತುಂಡಿನ ಮೇಲೆ 'ಮೇನ್' ಎಂಬ ಚೀಟಿ ಅಂಟಿಸಿರುತ್ತೇವೆ. ಚೀಟಿ ಎಲ್ಲಿದೆಯೋ ಅದೇ ನಮ್ಮ ಕೆಲಸ. ಚೀಟಿ ಕಿತ್ತು ಬೇರೆ ತುಂಡಿಗೆ ಅಂಟಿಸಿದರೆ ಹಳೆಯದು ಸುಟ್ಟುಹೋಗುವುದಿಲ್ಲ, ಹೆಸರಿಲ್ಲದೆ ಮೂಲೆಯಲ್ಲಿ ಬಿದ್ದಿರುತ್ತದೆ. ಕೆಲವು ತಿಂಗಳ ಮೇಲೆ ಕಸದ ಜೊತೆ ಹೋಗುತ್ತದೆ. ಚೀಟಿಯನ್ನು ಯಾರು, ಯಾವಾಗ, ಎಲ್ಲಿಂದ ಎಲ್ಲಿಗೆ ಸರಿಸಿದರು ಎಂದು ಬರೆದಿಡುವ ಪಟ್ಟಿಗೆ ರೆಫ್‌ಲಾಗ್ ಅನ್ನುತ್ತಾರೆ. ಸರ್ವರಿನಲ್ಲಿ ಅದು ತಾನಾಗಿ ಇರುವುದಿಲ್ಲ, ಹೇಳಿ ಇಡಿಸಬೇಕು. ನಾಲ್ಕು ವರ್ಷದ ಹಿಂದೆ ಹೇಳಿ ಇಡಿಸಿದ ಬುದ್ಧಿವಂತೆಯೂ ನಾನೇ.

ಅಂಥದೇ ಒಂದು ಲಾಗ್ ನಮ್ಮ ಅತ್ತೆಯವರ ತಲೆಯಲ್ಲಿದೆ. ಮೊನ್ನೆ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನಾನು ಹನ್ನೊಂದು ದಿನ ರಜೆ ಹಾಕಿ ಮನೆಯಲ್ಲಿದ್ದೆ. ಅವರು ಕಪ್ಪು ಕನ್ನಡಕ ಹಾಕಿಕೊಂಡು ಅಡುಗೆಮನೆಯಲ್ಲಿ ತಡವಿಕೊಂಡೇ ಓಡಾಡುತ್ತಿದ್ದರು, ಕೂರಿ ಅಂದರೆ ಕೇಳಬೇಕಲ್ಲ.

"ಸಕ್ಕರೆ ಡಬ್ಬಿ ಎರಡನೇ ಸಾಲಲ್ಲಿತ್ತು. ಮಂಗಳವಾರ ಬೆಳಿಗ್ಗೆ ಫೋನಲ್ಲಿ ಮಾತಾಡ್ತಾ ನೀನು ಮೇಲಿಟ್ಟೆ. ಸಾಯಂಕಾಲ ಅವನು ತಗೊಂಡು ಕೆಳಗಿಟ್ಟ. ಈಗ ಎಲ್ಲಿದೆ?" ಅಂದರು. ಅವನು ಅಂದರೆ ಅವರ ಮಗ, ನನ್ನ ಗಂಡ.

"ಯಾರಿಟ್ರೆ ಏನು ಅತ್ತೆ? ತಗೊಳ್ಳಿ, ಇಲ್ಲಿದೆ."

"ಯಾರಿಟ್ರು ಅಂತ ಕೇಳೋದು ಬಯ್ಯೋಕಲ್ಲ ಕಣೇ, ಹುಡುಕೋಕೆ. ನೀನಿಟ್ಟಿದ್ರೆ ನಿನ್ನ ಕೈಯೆತ್ತರದಲ್ಲಿರುತ್ತೆ, ಅವನಿಟ್ಟಿದ್ರೆ ಅವನ ಕೈಯೆತ್ತರದಲ್ಲಿ. ನಾನಲ್ಲ ಅಂತ ನೀನು ಸುಳ್ಳು ಹೇಳಿದ್ರೆ ನಾನು ಎಲ್ಲಿ ಕೈ ಹಾಕ್ಲಿ?"

ಬಯ್ಯುವುದಕ್ಕಲ್ಲ ಎಂದು ಹೇಳಿದ ಮೇಲೆ ಅರ್ಧ ಗಂಟೆ ಬೈದರು.

ನಾನು ರಜೆಯಲ್ಲಿದ್ದಾಗ ಬಂದ ಶುಕ್ರವಾರ ಇಸ್ತ್ರಿ ನಡೆಯಲಿಲ್ಲ, ಸಾಹೇಬರು ಆ ವಾರವನ್ನು ಸುಕ್ಕಿನಲ್ಲೇ ಕಳೆದರು. ಆದರೆ ಒಂದು ಒಳ್ಳೆಯ ಕೆಲಸ ನಡೆದಿತ್ತು. ಮೌನಿ ಬೋರ್ಡಿಗೆ ಮಾತು ಕಲಿಸಿದ್ದರು. ಕಣ್ಣು ಕಾಣದವರು ಬೋರ್ಡಿನ ಕೆಳಗೆ ನಿಂತು ಗುಂಡಿ ಒತ್ತಿದರೆ ಯಾವ ಬಸ್ಸು ಎಷ್ಟು ನಿಮಿಷಕ್ಕೆ ಎಂದು ಅದು ಬಾಯಿಬಿಟ್ಟು ಹೇಳಬೇಕು. ಬೋರ್ಡಿಗೆ ಮಾತು ಕಲಿಸಿದ ಮನುಷ್ಯ ತಾನು ಮಾತ್ರ ಮಾತಾಡಿದರೆ ಮುತ್ತು ಉದುರಿಬಿಡುತ್ತದೇನೋ ಅನ್ನುವ ಹಾಗಿರುತ್ತಾರೆ. ಅದಕ್ಕೇ ಆ ಹೆಸರು, ಅದೂ ನಾನಿಟ್ಟದ್ದೇ. ನಮ್ಮಲ್ಲಿ ಅವರೊಬ್ಬರೇ ವರ್ಷದ ಗುತ್ತಿಗೆಯವರು. ಆ ತಿಂಗಳ ಕೊನೆಗೆ ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನವಾಗಬೇಕಿತ್ತು. ಹೆಂಡತಿಗೆ ಆಗ ಏಳು ತಿಂಗಳು. ಇದನ್ನು ಅವರು ಹೇಳಿದ್ದಲ್ಲ, ಡಾಕ್ಟರ ಹತ್ತಿರ ಹೋಗಲು ರಜೆಚೀಟಿ ಬರೆದಾಗ ನಾವು ಓದಿಕೊಂಡದ್ದು.

ಸೋಮವಾರ ಹತ್ತು ಗಂಟೆಗೆ ಡೆಮೊ. ಸಾರಿಗೆಯವರು ನಾಲ್ಕು ಜನ ಬಂದಿದ್ದರು. ಅವರ ಜೊತೆ ಕಣ್ಣು ಕಾಣದವರ ಸಂಘದಿಂದ ಬಿಳಿ ಕೋಲು ಹಿಡಿದ ಒಬ್ಬ ಹಿರಿಯ ಹೆಂಗಸು. ಬೆಳಿಗ್ಗೆ ಒಂಬತ್ತೂವರೆಗೆ ಸಾಹೇಬರಿಗೆ ಅಕ್ಷರ ಹಸಿರಿರಲಿ ಅನ್ನಿಸಿತು. ಡೆಮೊ ಕಂಪ್ಯೂಟರಿನ ಮುಂದೆ ಮೌನಿಯನ್ನು ಕೂರಿಸಿ ಹಸಿರು ಮಾಡಿಸಿದರು. ಮೌನಿ ಬಣ್ಣ ಬದಲಿಸಿ ಸರ್ವರಿಗೆ ಕಳಿಸಿ ಎದ್ದರು. ಬೋರ್ಡು ಹಚ್ಚಹಸಿರಾಗಿ ಬೆಳಗಿತು. ಆ ಹೆಂಗಸು ಗುಂಡಿ ಒತ್ತಿ, ತಲೆ ಓರೆ ಮಾಡಿ ಕಾದರು. ಮತ್ತೊಮ್ಮೆ ಒತ್ತಿದರು.

"ಇದು ಮಾತಾಡುತ್ತೆ ಅಂದ್ರಲ್ಲ?"

ಸಾಹೇಬರು ಬೆವರುತ್ತಾ, "ಹಸಿರು ಬಣ್ಣದಲ್ಲಿದೆ ಮೇಡಂ," ಅಂದರು.

"ಸಂತೋಷ," ಅಂದರು ಆಕೆ. ಮಡಚಿಟ್ಟಿದ್ದ ಕೋಲು ಬಿಚ್ಚಿಕೊಂಡು ಎದ್ದುಬಿಟ್ಟರು.

ಅವರು ಹೋದ ಮೇಲೆ ನೋಡಿದರೆ ಮೌನಿಯ ಹನ್ನೊಂದು ದಿನದ ಕೆಲಸ ಮೇನ್‌ನಲ್ಲಿ ಇಲ್ಲವೇ ಇಲ್ಲ. ಇಡೀ ಆಫೀಸು ನನ್ನ ಕುರ್ಚಿಯ ಹಿಂದೆ ನೆರೆಯಿತು. ನಾನು ಗತ್ತಿನಿಂದ, "ದೂರ ನಿಲ್ಲಿ, ಗಾಳಿ ಬರ್ಲಿ," ಎಂದು ಎಲ್ಲರನ್ನೂ ಓಡಿಸಿ ಲಾಗ್ ತೆರೆದೆ. ಗುರುವಾರ ಸಂಜೆ ಚೀಟಿ ಎಲ್ಲಿತ್ತೋ ಅಲ್ಲಿಗೆ ಮತ್ತೆ ಅಂಟಿಸಿದೆ, ಹಸಿರು ಬಣ್ಣವನ್ನೂ ಅದರ ಮೇಲೆ ಸೇರಿಸಿದೆ. ಎರಡು ನಿಮಿಷದ ಕೆಲಸ. ಬೋರ್ಡು ಬಾಯಿಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೌನಿ ಕೈ ಮುಗಿದರು. ಆ ಚಪ್ಪಾಳೆ ನಡೆಯುತ್ತಿರುವಾಗಲೇ ನಾನು ಪರದೆಯ ಮೇಲೆ ಒಂದು ಸಾಲು ಓದಿ ಮುಗಿಸಿದ್ದೆ.

ಶುಕ್ರವಾರ, ನಾಲ್ಕು ಗಂಟೆ ಐವತ್ತೆರಡು ನಿಮಿಷ. ಬಲವಂತದಿಂದ ಚೀಟಿ ಸರಿಸಿದವರು: ನನ್ನ ಹೆಸರು.

ಆ ದಿನ ರಜೆ ಮುಗಿಸಿ ಮಧ್ಯಾಹ್ನಕ್ಕೆ ಬಂದಿದ್ದೆ. ಐದೂವರೆಗೆ ಅತ್ತೆಯವರನ್ನು ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ಸಾಹೇಬರು ಮೂರು ಸಲ ಬಂದು, "ಕ್ಲೀನಿಂಗ್ ಆಯ್ತಾ? ಹೋದ ವಾರದ್ದೂ ಬಾಕಿ ಇದೆ," ಎಂದು ತಲೆ ತಿಂದರು. ಸರ್ವರಿನಲ್ಲಿ ಹೊಸದೇನಿದೆಯೋ ಅದನ್ನು ಮೊದಲು ತಂದುಕೊಂಡು ಆಮೇಲೆ ತಿಕ್ಕಬೇಕು. ಇದು ರಸ್ತೆ ದಾಟುವ ಮುಂಚೆ ಎರಡೂ ಕಡೆ ನೋಡಿದಷ್ಟು ಸಣ್ಣ ಪಾಠ. ನಾನು ಹನ್ನೊಂದು ದಿನ ಹಳತಾದ ನನ್ನ ಪ್ರತಿಯನ್ನೇ ತಿಕ್ಕಿ ಕಳಿಸಿದೆ. ಸರ್ವರ್ ತಕರಾರು ಮಾಡಿತು. ಅದು ಪ್ರತಿ ಶುಕ್ರವಾರ ಮಾಡುವ ತಕರಾರೇ ಎಂದುಕೊಂಡು ಬಲವಂತ ಮಾಡಿ, ಚೀಲ ಹೆಗಲಿಗೆ ಹಾಕಿಕೊಂಡು ಓಡಿದೆ. ಆ ಹನ್ನೊಂದು ದಿನ ಮೇನ್ ಮುಟ್ಟಿದ್ದವರು ಮೌನಿ ಒಬ್ಬರೇ, ಉಳಿದವರು ಹಳೆಯ ಬೋರ್ಡುಗಳ ರಿಪೇರಿಯಲ್ಲಿದ್ದರು. ಹೋದದ್ದು ಅವರ ಕೆಲಸ ಮಾತ್ರ.

ಆಗಲೇ ಹೇಳಿಬಿಡಬಹುದಿತ್ತು. ಯಾಕೆ ಹೇಳಲಿಲ್ಲ ಅಂದರೆ, ನನ್ನ ಮೇಜಿನ ಮೇಲಿನ ಗೋಡೆಯಲ್ಲಿ 'ಮೊದಲು ತಂದುಕೋ, ಆಮೇಲೆ ಕಳಿಸು' ಎಂದು ದಪ್ಪಕ್ಷರದ ಒಂದು ಹಾಳೆ ಅಂಟಿಸಿದೆ. ಬರೆದವಳು ನಾನು. ಹೋದ ವರ್ಷ ಇದೇ ತಪ್ಪು ಮಾಡಿದ ಒಬ್ಬರ ಕೈಯಲ್ಲಿ ಆ ಹಾಳೆಯನ್ನು ಎಲ್ಲರೆದುರು ಮೂರು ಸಲ ಜೋರಾಗಿ ಓದಿಸಿದ್ದೆ. ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ. ಹೋಗುತ್ತಿದ್ದದ್ದು ಆ ಹಾಳೆಯ ಮಾನ, ಅಂದರೆ ನನ್ನದು.

ಕೆಲಸ ಸಿಕ್ಕಿತಲ್ಲ, ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮಂಗಳವಾರ ಬೆಳಿಗ್ಗೆ ಸಾಹೇಬರು ಕರೆದರು.

"ಕೋಡ್ ಸಿಕ್ತು, ಸರಿ. ಮಾನ ಹೋಯ್ತಲ್ಲ, ಅದು ಯಾವ ಲಾಗಲ್ಲಿ ಸಿಗುತ್ತೆ? ಯಾರು ಮಾಡಿದ್ದು ಅಂತ ಮೇಲಿನವರು ಕೇಳ್ತಿದ್ದಾರೆ. ನಂಗೇನೋ ಅವನ ಮೇಲೇ ಅನುಮಾನ. ಅವನದೇ ಕೆಲಸ, ಅವನೇ ಕೊನೆಗೆ ಮುಟ್ಟಿದ್ದು. ಹೇಗಿದ್ರೂ ಗುತ್ತಿಗೆ ಮುಗೀತಾ ಇದೆ, ಯಾರಿಗೂ ನೋವಾಗಲ್ಲ."

"ಅವರು ಅಂಥವರಲ್ಲ ಸಾರ್," ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಅಷ್ಟರಲ್ಲೇ ಕುತ್ತಿಗೆ ಸವರುತ್ತಿತ್ತು.

"ಹಾಗಾದ್ರೆ ನಾಳೆ ಮೀಟಿಂಗಲ್ಲಿ ಆ ಲಾಗ್ ಪರದೆ ಮೇಲೆ ಹಾಕಿ ತೋರಿಸಮ್ಮ."

ರೆಫ್‌ಲಾಗಿನಲ್ಲಿ ಬೇಕಾದ ಒಂದೇ ಸಾಲನ್ನು ಅಳಿಸುವ ಆಜ್ಞೆ ಇದೆ. ಅಳಿಸಿದ ಜಾಗ ತೂತಾಗಿ ಕಾಣದಂತೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಹೊಲಿಗೆ ಹಾಕುವ ವ್ಯವಸ್ಥೆಯೂ ಇದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಹೋಗಲಿಲ್ಲ. ನನ್ನ ಲೆಕ್ಕ ಸುಲಭವಾಗಿತ್ತು. ನನ್ನ ಸಾಲು ಹೋದರೆ ಲಾಗಿನಲ್ಲಿ ಯಾರದೂ ತಪ್ಪಿಲ್ಲ. ಯಾರದೂ ಇಲ್ಲವೆಂದ ಮೇಲೆ ಸರ್ವರಿನದು. ಸರ್ವರಿಗೇನು ಗುತ್ತಿಗೆಯೇ, ಬಸುರಿ ಹೆಂಡತಿಯೇ? ಮೌನಿಗೂ ಒಳ್ಳೆಯದು, ನನಗೂ ಒಳ್ಳೆಯದು. ಅಳಿಸಿದೆ, ಹೊಲಿದೆ, ಸಾಲು ಎಣಿಸಿದೆ. ಒಂದು ಕಮ್ಮಿ ಇತ್ತು. ಹೊಲಿಗೆ ಎಲ್ಲಿ ಬಿದ್ದಿದೆ ಎಂದು ಓದಿ ನೋಡಲಿಲ್ಲ. ಮೊದಲು ಓದು, ಆಮೇಲೆ ಎದ್ದೇಳು ಎಂದು ಇನ್ನೊಂದು ಹಾಳೆ ಅಂಟಿಸಿಕೊಳ್ಳಬೇಕಿತ್ತು.

ಬುಧವಾರ ಮೀಟಿಂಗ್ ಕೋಣೆಯಲ್ಲಿ ಸಾಹೇಬರು, ಮೌನಿ, ನಾನು, ಮತ್ತೆ ಆಡಳಿತ ವಿಭಾಗದ ಮೇಡಂ. ಮೇಡಂ ಮುಂದೆ ಒಂದು ಫೈಲು ಇತ್ತು, ಅದರಿಂದ ಆಗಲೇ ಟೈಪಾದ ಒಂದು ಪತ್ರದ ತುದಿ ಇಣುಕುತ್ತಿತ್ತು. 'ನಿಮ್ಮ ಸೇವೆಯನ್ನು ಮುಂದುವರಿಸಲು' ಎಂಬಷ್ಟು ಮಾತ್ರ ಕಾಣುತ್ತಿತ್ತು. ಮುಂದಿನ ಮಾತು ಏನೆಂದು ಊಹಿಸಲು ಪಂಡಿತರು ಬೇಕಿರಲಿಲ್ಲ. ವಿಚಾರಣೆ ಹತ್ತೂವರೆಗೆ, ತೀರ್ಪು ಹತ್ತಕ್ಕೇ ಟೈಪಾಗಿತ್ತು.

ಲಾಗನ್ನು ಪರದೆಯ ಮೇಲೆ ಹಾಕಿದೆ. ಸಾಹೇಬರು ಎದ್ದು ಹೋಗಿ ಬೆರಳಿಟ್ಟು ಓದಿದರು.

"ಗುರುವಾರ ಸಂಜೆ, ಐದು ನಲವತ್ತು. ಇವನ ಹೆಸರು. ಮಾತಾಡೋ ಬೋರ್ಡಿನ ಕೊನೇ ಭಾಗ. ಸರಿ. ಮುಂದಿನ ಸಾಲು. ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಇವನ ಹೆಸರು. ಆ ಮಾತಾಡೋ ತುಂಡಿಂದ ಚೀಟಿ ಕಿತ್ತು, ಮಾತಿಲ್ಲದ ಹಸಿರು ತುಂಡಿಗೆ." ಬೆರಳು ಅಲ್ಲೇ ನಿಂತಿತು. "ನೋಡಿದ್ರಾ? ತಾನೇ ಕಟ್ಟಿದ್ದನ್ನ ತಾನೇ ಕೆಡವಿದ್ದಾನೆ."

ನಾನು ಆಗಷ್ಟೇ ಆ ಸಾಲನ್ನು ಓದಿದೆ. ಚೀಟಿಯನ್ನು ಹಳೆಯ ತುಂಡಿಗೆ ಎಳೆದು ತಂದದ್ದು ಶುಕ್ರವಾರದ ನನ್ನ ಸಾಲು. ಮೌನಿ ಸೋಮವಾರ ಆ ಹಳೆಯ ತುಂಡಿಗೆ ಬರೀ ಬಣ್ಣ ಬಳಿದಿದ್ದರು. ನಡುವಿನ ನನ್ನ ಸಾಲು ಕಿತ್ತು ಹೊಲಿಗೆ ಹಾಕಿದ ಕೂಡಲೇ ನಾನು ಮಾಡಿದ ಕೇಡಿನ ಬಾಲ ಮುಂದಿನ ಸಾಲಿಗೆ ಅಂಟಿಕೊಂಡಿತ್ತು. ಮುಂದಿನ ಸಾಲು ಮೌನಿಯದು. ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿ ನಾನೇ ಆಗಿದ್ದೆ. ಒರೆಸಬೇಕೆಂದು ಒರೆಸಲಿಲ್ಲ ಅಂದರೆ ಮೇಕೆಗೆ ಬೀಳುವ ಏಟು ಕಮ್ಮಿಯಾಗುತ್ತದೆಯೇ?

ಮೌನಿ ಪರದೆಯನ್ನು ಒಮ್ಮೆ ನೋಡಿದರು. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ತಮ್ಮ ಲ್ಯಾಪ್‌ಟಾಪಿನ ಪಕ್ಕ ಇಟ್ಟುಕೊಂಡರು. ಕೆಲಸ ಹೋಗುವ ಹೊತ್ತಿನಲ್ಲಿ ಬೆವರಿಗೆ ಪಟ್ಟಿ ಒದ್ದೆಯಾಗಿರಬೇಕು ಅಂದುಕೊಂಡೆ.

ಸಾಹೇಬರ ಭಾಷಣ ಶುರುವಾಯಿತು. ಶಿಸ್ತು, ಜವಾಬ್ದಾರಿ, ಈ ಆಫೀಸನ್ನು ಅವರು ಹೇಗೆ ಕಟ್ಟಿದರು, ಅವರ ಕಾಲದಲ್ಲಿ ಹೇಗಿತ್ತು. "ನೀವೇನಾದ್ರೂ ಹೇಳ್ತೀರಾ?" ಎಂದು ಮೌನಿಯನ್ನು ಕೇಳಿದರು. ಮೌನಿ ತಲೆ ಅಲ್ಲಾಡಿಸಿದರು. "ಮೌನಂ ಸಮ್ಮತಿ ಲಕ್ಷಣಂ. ಬರ್ಕೊಳ್ಳಿ ಮೇಡಂ," ಅಂದರು ಸಾಹೇಬರು. ಮೇಡಂ ಬರೆದುಕೊಂಡರು. ಪತ್ರ ಫೈಲಿನಿಂದ ಪೂರ್ತಿ ಹೊರಗೆ ಬಂತು. ನಾನು ಎದುರಿನ ನೀರಿನ ಲೋಟವನ್ನು ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ನಾಲಿಗೆ ಮೇಲೇಳಲಿಲ್ಲ. ಹೇಳದಿದ್ದರೂ ಇವರಿಗೆ ಬೇರೆ ಕಡೆ ಕೆಲಸ ಸಿಗುತ್ತದೆ, ಬುದ್ಧಿವಂತರು ಎಂಬ ಯೋಚನೆ ಬಂದುಹೋಯಿತು. ಬಂದದ್ದು ನಿಜ, ಮುಚ್ಚಿಟ್ಟು ಏನು ಮಾಡಲಿ? ಲೋಟ ಮತ್ತೆ ಎಡಕ್ಕೆ ಬಂದಾಗ, ನಾನೆಲ್ಲಿ ಕೈ ಹಾಕ್ಲಿ ಎಂದು ತಡವುವ ಅತ್ತೆಯ ಕೈ ನೆನಪಾಯಿತು.

ಎದ್ದು ನಿಂತೆ. "ಸಾರ್, ಅದರ ನಡುವೆ ಇನ್ನೊಂದು ಸಾಲಿತ್ತು. ಶುಕ್ರವಾರದ್ದು, ನನ್ನದು. ನಿಮ್ಮ ಕ್ಲೀನಿಂಗ್ ಮಾಡುವಾಗ ಇವರ ಕೆಲಸ ಅಳಿಸಿದ್ದು ನಾನು. ನಿನ್ನೆ ಆ ಸಾಲನ್ನ ಅಳಿಸಿದ್ದೂ ನಾನೇ."

ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿದರು. ಉಗಿಯುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ.

"ಅಳಿಸಬಹುದಾ ಇದನ್ನ?" ಅಂದರು.

ಕಣ್ಣು ಬಿಟ್ಟೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಹೊಸ ಇಸ್ತ್ರಿಪೆಟ್ಟಿಗೆ ಕಂಡವರ ಮುಖವಿತ್ತು.

"ಇಷ್ಟು ದಿನ ಹೇಳೇ ಇಲ್ವಲ್ಲಮ್ಮ! ಬೇಕಾದ ಸಾಲು ಬೇಕಾದ ಹಾಗೆ?" ಆಮೇಲೆ ಏನೋ ಹೊಳೆದು ಮುಖ ಸಪ್ಪಗಾಯಿತು. "ಒಂದು ನಿಮಿಷ. ಕ್ಲೀನಿಂಗ್ ಮಾಡುವಾಗ ಅಂದ್ರೆ, ಕ್ಲೀನಿಂಗ್ ಮಾಡಿ ಅಂತ ಹೇಳಿದ್ದು ಯಾರು ಅಂತ ಮೇಲಿನವರು ಕೇಳ್ತಾರಲ್ವಾ?"

"ಕೇಳ್ತಾರೆ ಸಾರ್."

ಸಾಹೇಬರು ಕೂತರು, ಅಂಗಿಯ ತೋಳು ನೇರ ಮಾಡಿಕೊಂಡರು. "ಮೇಡಂ, ಅದೆಲ್ಲ ಹೊಡೆದುಹಾಕಿ. 'ತಾಂತ್ರಿಕ ಕಾರಣ' ಅಂತ ಒಂದೇ ಸಾಲು ಬರೀರಿ. ಆ ಪತ್ರ ಹರಿದುಬಿಡಿ. ಇವರ ಗುತ್ತಿಗೆ ಮುಂದುವರಿಸಿ, ಒಳ್ಳೆ ಕೆಲಸಗಾರ." ಇಡೀ ವಿಚಾರಣೆ ಕಣ್ಣೆದುರೇ ಇಸ್ತ್ರಿಯಾಯಿತು. ಒಂದು ಸುಕ್ಕೂ ಉಳಿಯಲಿಲ್ಲ. ನನಗೆ ಒಂದು ಬೈಗುಳವೂ ಸಿಗಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು.

ಅವರಿಬ್ಬರೂ ಹೋದ ಮೇಲೆ ನಾನು ಮೌನಿಯ ಮುಂದೆ ನಿಂತೆ. ಕ್ಷಮಿಸಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ತಮ್ಮ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಅವರ ಯಂತ್ರ ಬೆಳಿಗ್ಗೆ ತೆರೆದ ಕೂಡಲೇ ಸರ್ವರಿನಲ್ಲಿ ಚೀಟಿ ಎಲ್ಲಿದೆ ಎಂದು ತಾನೇ ವಿಚಾರಿಸಿ ತನ್ನ ಲಾಗಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಪ್ರತಿಯೊಬ್ಬರ ಯಂತ್ರದಲ್ಲೂ ಅವರದೇ ಒಂದು ಲಾಗ್ ಇರುತ್ತದೆ. ನಾಲ್ಕು ವರ್ಷ ಕೀಲಿ ಹಿಡಿದ ನಾನು ಅದನ್ನು ಮರೆತಿದ್ದೆ. ಸೋಮವಾರ ಒಂಬತ್ತು ಹತ್ತು: ಮೇನ್ ಬಲವಂತದಿಂದ ಹಳೆಯ ತುಂಡಿಗೆ ಸರಿದಿದೆ. ಅಂದರೆ ಹಸಿರು ಬಣ್ಣಕ್ಕಿಂತ ಇಪ್ಪತ್ತು ನಿಮಿಷ ಮುಂಚೆ. ಆ ತುಂಡಿನ ಮೇಲೆ 'ವಾರದ ಸುಧಾರಣೆಗಳು', ಪಕ್ಕದಲ್ಲಿ ನನ್ನ ಹೆಸರು.

"ನಿಮಗೆ ಗೊತ್ತಿತ್ತಾ?"

"ಸೋಮವಾರ ಮಧ್ಯಾಹ್ನವೇ ನೋಡಿದೆ ಮೇಡಂ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ಪತ್ರ ಟೈಪಾಗಿತ್ತು!"

ಅವರು ಮೇಜಿನ ಮೇಲಿದ್ದ ಗಡಿಯಾರ ಎತ್ತಿ ಕೈಗೆ ಕಟ್ಟಿಕೊಂಡರು. "ನೀವೇ ಹೇಳ್ತೀರಿ ಅನ್ನಿಸ್ತು. ಐದು ನಿಮಿಷ ನೋಡೋಣ ಅಂದುಕೊಂಡೆ."

"ನಾನು ಎಷ್ಟು ಹೊತ್ತಿಗೆ ಎದ್ದೆ?"

"ನಾಲ್ಕು ನಿಮಿಷ ಐವತ್ತು ಸೆಕೆಂಡು," ಅಂದರು ಮೌನಿ. ಆಮೇಲೆ ಕೈ ಚಾಚಿ, "ಸರ್ವರಿನ ಕೀಲಿ ಕೊಡಿ ಮೇಡಂ," ಅಂದರು.

ಕೊಟ್ಟೆ.